ವ್ಯಾಯಾಮಗುರುವಿನ ಪೂರ್ವಕಥೆಗಳು

ಅಂಗಸಾಧನೆಯನ್ನು ಕಲಿಸುವ ಗುರುವಿಗೆ ಇತಿಹಾಸದ ಗೊಡವೆಯೇಕೆಂದು ಕೇಳುವವರುಂಟು. ದಂಡೆ ಬಸ್ಕಿಗಳ ಲೆಕ್ಕವಿಟ್ಟು ಉಸಿರಿನ ಕ್ರಮವನ್ನು ತಿದ್ದಿದರೆ ಅವನ ಕೆಲಸ ತೀರಿತೆಂಬುದು ಅವರ ಮತ. ಆದರೆ ಗರಡಿಯಲ್ಲಾಗಲಿ ಓಟದ ಬಯಲಿನಲ್ಲಾಗಲಿ ಮಕ್ಕಳನ್ನು ಪಳಗಿಸುವವರು ವಿಶ್ರಾಂತಿಯ ವೇಳೆಯಲ್ಲಿ ಹಿಂದಿನ ಜಟ್ಟಿಗಳ ಸಂಗತಿಯನ್ನೂ, ಮೊನ್ನೆ ಮೊನ್ನೆ ಗೆದ್ದ ಬಾಲಕ ಬಾಲಿಕೆಯರ ಸುದ್ದಿಯನ್ನೂ ಹೇಳುತ್ತಲೇ ಬಂದಿರುವರು. ಕೇಳುವ ಮಕ್ಕಳಿಗೆ ಇದು ಬರಿಯ ಕಾಲಕ್ಷೇಪವಲ್ಲ. ದಣಿದ ಮೈ ಮುಂದೆ ಏನು ಮಾಡಬೇಕೆಂಬುದನ್ನು ಎಷ್ಟೋ ವೇಳೆ ಆ ಮಾತುಗಳೇ ನಿರ್ಣಯಿಸುವುವು.

ಮಾತಿಗೆ ಇಂತಹ ಬಲವುಂಟೆಂಬುದನ್ನು ಭಾರತವನ್ನು ಬಲ್ಲವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕರ್ಣನ ರಥಚಕ್ರವು ನೆಲದಲ್ಲಿ ಹೂತುಹೋಗುವುದಕ್ಕೆ ಬಹಳ ಮೊದಲೇ, ಸಾರಥಿಯಾದ ಶಲ್ಯನ ನುಡಿಗಳು ಅವನ ತೇಜಸ್ಸನ್ನು ಕುಗ್ಗಿಸತೊಡಗಿದ್ದುವು. ಹತ್ತಿರದಲ್ಲಿ ನಿಂತವನ ಮಾತು ಹಗೆಯ ಬಾಣಕ್ಕಿಂತ ಆಳವಾಗಿ ನಾಟುವುದು.

ಯವನರಲ್ಲಿಯೂ, ಎಂದರೆ ಪ್ರಾಚೀನ ಗ್ರೀಕರಲ್ಲಿಯೂ, ಇದಕ್ಕೆ ನಿದರ್ಶನಗಳು ದೊರೆಯುವುವು. ಫಿಲಾಸ್ಟ್ರಟಸನೆಂಬ ಪಂಡಿತನು ಕ್ರಿ. ಶ. 3ನೆಯ ಶತಮಾನದಲ್ಲಿ ವ್ಯಾಯಾಮಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಒಲಿಂಪಿಯದ ಪಂದ್ಯಗಳು ಹೇಗೆ ಹುಟ್ಟಿದುವೆಂಬ ಐತಿಹ್ಯಗಳೂ, ಶಿಷ್ಯರನ್ನು ಗುರುಗಳು ಹುರಿದುಂಬಿಸಿದ ಕಥೆಗಳೂ ಅದರಲ್ಲಿವೆ. ಗ್ಲಾಕಸನೆಂಬ ಒಕ್ಕಲಿನ ಹುಡುಗನು ನೇಗಿಲಿನಿಂದ ಕಳಚಿದ ಗುಳವನ್ನು ಸುತ್ತಿಗೆಯಿಲ್ಲದೆ ಬರಿಗೈಯಿಂದಲೇ ಬಡಿದು ಕೂಡಿಸಿದ್ದನಂತೆ. ಒಲಿಂಪಿಯದ ಮುಷ್ಟಿಯುದ್ಧದಲ್ಲಿ ಅವನು ಪೆಟ್ಟು ತಿಂದು ಸೋಲುವಂತಾದಾಗ, ನೇಗಿಲಿಗೆ ಹಾಕಿದ ಆ ಏಟನ್ನು ನೆನೆಯೆಂಬ ಕೂಗು ಕೇಳಿಬಂದಿತು. ಹುಡುಗನು ಕೈಯೆತ್ತಿ ಹೊಡೆದು ಗೆದ್ದನು. ಕೂಗಿದವನು ತಂದೆಯೆಂದು ಪೌಸಾನಿಯಸನು ಬರೆದಿರುವನು; ಟೀಸಿಯಸನೆಂಬ ಗುರುವೆಂದು ಫಿಲಾಸ್ಟ್ರಟಸನ ಮತ.

ಅದೇ ಗ್ರಂಥದಲ್ಲಿ ಆರಿಖಿಯನನ ಕಥೆಯೂ ಇದೆ. ಕ್ರಿ. ಪೂ. 564ರಲ್ಲಿ, ಮಲ್ಲಯುದ್ಧವೂ ಮುಷ್ಟಿಯುದ್ಧವೂ ಬೆರೆತ ಕಾಳಗದಲ್ಲಿ, ಎದುರಾಳಿಯು ಅವನ ಕೊರಳನ್ನು ಬಿಗಿದಿದ್ದನು. ಸೋಲನ್ನೊಪ್ಪಿದ್ದರೆ ಜೀವವುಳಿಯುತ್ತಿತ್ತು. ಆಗ ಅವನ ಗುರುವು, ಒಲಿಂಪಿಯದಲ್ಲಿ ಸೋಲೊಪ್ಪದೆ ಸತ್ತನೆಂಬ ಕೀರ್ತಿ ಎಷ್ಟು ದೊಡ್ಡದೆಂದು ಕೂಗಿ ಹೇಳಿದನಂತೆ. ಶಿಷ್ಯನು ಎದುರಾಳಿಯ ಕಾಲನ್ನು ತಿರುಚಿದನು. ಅವನು ನೋವಿನಿಂದ ಸೋಲೊಪ್ಪಿದನು. ಅಷ್ಟರಲ್ಲಿ ಆರಿಖಿಯನನ ಪ್ರಾಣ ಹೋಗಿತ್ತು. ಜಯಮಾಲೆಯನ್ನು ಹೆಣಕ್ಕೆ ತೊಡಿಸಿದರು.

ಈ ಎರಡು ಮಾತುಗಳಿಗೂ ಇರುವ ಅಂತರವನ್ನು ವಿವೇಕಿಗಳು ಗಮನಿಸಬೇಕು. ಮೊದಲನೆಯದು ಹುಡುಗನಿಗೆ ಅವನದೇ ಆದ ಶಕ್ತಿಯನ್ನು ನೆನಪಿಗೆ ತಂದಿತು. ಎರಡನೆಯದು ಊರವರ ಹೊಗಳಿಕೆಯನ್ನು ತೋರಿಸಿ ಜೀವವನ್ನು ಕೊಂಡಿತು. ಗುರುವಿಗೆ ಮಗುವಿಗಿಂತ ಗೆಲವು ದೊಡ್ಡದಾದೊಡನೆ ಪೂರ್ವಕಥೆಯೇ ವಿಷವಾಗುವುದು.

ಆದುದರಿಂದ ಕಥೆ ಹೇಳುವ ಗುರುವು ಗೆದ್ದವರ ಪಟ್ಟಿಯನ್ನಷ್ಟೇ ಒಪ್ಪಿಸಬಾರದು. ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚಿನ ಪದಕವನ್ನು ಪಡೆದರೆಂದು ಹೇಳುವವನು, 1948ರಲ್ಲಿ ಲಂಡನ್ನಿನಲ್ಲಿ ಅವರಿಗೆ ಆರನೆಯ ಸ್ಥಾನ ದೊರೆತುದನ್ನೂ ಹೇಳಬೇಕು. ನಡುವಣ ನಾಲ್ಕು ವರ್ಷಗಳಲ್ಲಿಯೇ ಮಕ್ಕಳು ಕಲಿಯಬೇಕಾದ ಪಾಠವಿದೆ.

ಕೆಲವೆಡೆ ಗುರುವೇ ಒಂದು ಇತಿಹಾಸವಾಗಿರುವುದುಂಟು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ. ಟಿ. ಉಷಾ ಅವರು 400 ಮೀಟರ್ ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಆಗ ಅವರಿಗೆ ವಯಸ್ಸು 20. ಮುಂದೆ ಅವರು ಕೇರಳದಲ್ಲಿ ಹೆಣ್ಣುಮಕ್ಕಳಿಗೆ ಓಟವನ್ನು ಕಲಿಸುವ ಶಾಲೆಯನ್ನು ತೆರೆದರು. ಅಲ್ಲಿ ಕಲಿತ ಟಿಂಟು ಲೂಕಾ 2014ರ ಏಷ್ಯನ್ ಕ್ರೀಡೆಗಳಲ್ಲಿ 800 ಮೀಟರ್ ಓಟದಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. ಕೂದಲೆಳೆಯಷ್ಟರಲ್ಲಿ ಸೋತವರು ಕಲಿಸಲು ನಿಂತಾಗ, ಸೋತ ಶಿಷ್ಯೆಗೆ ಬೇರೆ ಸಮಾಧಾನವನ್ನು ಹುಡುಕಬೇಕಾಗಿಲ್ಲ.

ಮನೆಗಳಲ್ಲಿಯೂ ಹಿರಿಯರು ನೆರೆಮನೆಯ ಹುಡುಗನ ಪದಕವನ್ನು ಎತ್ತಿ ಹೇಳಿ ತಮ್ಮ ಮಗುವನ್ನು ಚುಚ್ಚುವುದುಂಟು. ಅದು ಶಲ್ಯನ ಸಾರಥ್ಯ. ಗೆದ್ದವರ ಸುದ್ದಿಯನ್ನು ಹೇಳುವುದಾದರೆ ಅವರು ಎಡವಿದ ದಿನವನ್ನೂ ಕೂಡಿಸಿ ಹೇಳಲಿ. ಆ ಬಳಿಕ, ಮಗುವು ತಾನೇ ಹಿಂದೊಮ್ಮೆ ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಅದಕ್ಕೆ ನೆನಪು ಮಾಡಿಕೊಡಲಿ.