ಲೆಕ್ಕ ಬರುತ್ತೆ, ಪ್ರಶ್ನೆ ಅರ್ಥ ಆಗಲ್ಲ

ಐದನೇ ತರಗತಿಯ ಮಕ್ಕಳಿರುವ ಹಳ್ಳಿ ಮನೆಗಳಲ್ಲಿ ನವೋದಯ ಪರೀಕ್ಷೆ ಅಂದರೆ ಸಣ್ಣ ಮಾತಲ್ಲ. ಆಯ್ಕೆಯಾದರೆ ಆರರಿಂದ ಹನ್ನೆರಡನೇ ತರಗತಿವರೆಗೆ ಓದು, ಊಟ, ಹಾಸ್ಟೆಲ್ ಎಲ್ಲ ಅಲ್ಲೇ. ಆದರೆ ಆರನೇ ತರಗತಿಯ ಪ್ರವೇಶಕ್ಕೆ ಒಂದು ಮಗು ಒಂದೇ ಸಲ ಬರೆಯಬಹುದು. ಈ ಸಲ ಆಗದಿದ್ದರೆ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ಎರಡು ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ. ಅದರಲ್ಲಿ ಅಂಕಗಣಿತದ್ದು 20 ಪ್ರಶ್ನೆ, 25 ಅಂಕ. ಅದಕ್ಕೆ ಅರ್ಧ ಗಂಟೆ ಇಟ್ಟುಕೊಂಡರೆ ಒಂದು ಲೆಕ್ಕಕ್ಕೆ ಒಂದೂವರೆ ನಿಮಿಷ. ನನ್ನ ಮಗಳಿಗೆ 20ರ ತನಕ ಮಗ್ಗಿ ಬಾಯಿಪಾಠ. ಕೂಡಿ ಕಳೆಯುವುದರಲ್ಲೂ ಚುರುಕು. ಆದರೆ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಸಾಕು, ಪೆನ್ಸಿಲ್ ಕಚ್ಚಿಕೊಂಡು, "ಅಮ್ಮಾ, ಇದು ಕೂಡೋದಾ, ಗುಣಿಸೋದಾ?" ಅಂತ ಕೇಳುತ್ತಿದ್ದಳು.

ಅವಳ ಗೈಡಿನಲ್ಲಿ ಒಂದು ಪಟ್ಟಿ ಇತ್ತು. 'ಒಟ್ಟು' ಅಂದರೆ ಕೂಡು, 'ಉಳಿದ' ಅಂದರೆ ಕಳೆ, 'ಹೆಚ್ಚು' ಅಂದರೆ ಕೂಡು. ನನಗಂತೂ ಆ ಪಟ್ಟಿ ಮೇಲೆ ನಂಬಿಕೆ ಇಲ್ಲ. ಈ ಲೆಕ್ಕ ನೋಡಿ: ರಾಜುವಿನ ಬಳಿ 35 ಗೋಲಿಗಳಿವೆ. ಇದು ಸೋಮುವಿನ ಬಳಿ ಇರುವುದಕ್ಕಿಂತ 8 ಹೆಚ್ಚು. ಸೋಮುವಿನ ಬಳಿ ಎಷ್ಟಿವೆ? 'ಹೆಚ್ಚು' ಕಂಡ ತಕ್ಷಣ ಮಗಳು 43 ಬರೆದಳು. ನಾನು ಪೆನ್ಸಿಲ್ ಇಸ್ಕೊಂಡು, "ಅಂಕಿ ಬಿಟ್ಟು ಬರೀ ಕತೆ ಹೇಳು" ಅಂದೆ. "ರಾಜು ಹತ್ರ ಜಾಸ್ತಿ ಇದೆ, ಸೋಮು ಹತ್ರ ಕಮ್ಮಿ... ಅಯ್ಯೋ, 43 ಹೆಂಗಾಗುತ್ತೆ!" ಅಂತ ಅವಳೇ ನಕ್ಕಳು. 27 ಅಂತ ನಾನು ಹೇಳಿಕೊಡಬೇಕಾಗಲಿಲ್ಲ.

ಅವತ್ತಿಂದ ನಮ್ಮನೆಯಲ್ಲಿ ಅದೇ ಕ್ರಮ. ಮೊದಲು ಅಂಕಿ ಇಲ್ಲದೆ ಕತೆ, ಆಮೇಲೆ ಏನು ಕೇಳಿದ್ದಾರೆ ಅನ್ನುವುದು, ಕೊನೆಗೆ ಪೆನ್ಸಿಲ್. ದಿನಕ್ಕೆ ಐದೇ ಲೆಕ್ಕ. ಐವತ್ತು ಮಾಡಿಸುವವರೂ ಇದ್ದಾರೆ, ಅದು ಅವರವರ ಇಷ್ಟ.

ಪುಸ್ತಕದ ಕನ್ನಡವೂ ಮಕ್ಕಳಿಗೆ ಒಂದು ಗೋಡೆಯೇ. 'ಮೂವರಿಗೆ ತಲಾ 15 ರೂಪಾಯಿ' ಅಂತ ಇದ್ದರೆ, "ಯಾರ ತಲೆ ಅಮ್ಮಾ?" ಅಂದಿದ್ದಳು. 'ವ್ಯಯಿಸಿದನು', 'ಕ್ರಮವಾಗಿ', 'ಪ್ರತಿಶತ' ಇವೆಲ್ಲ ಮನೆಯಲ್ಲಿ ಯಾರೂ ಆಡದ ಮಾತುಗಳು. ಇಂಥವನ್ನೆಲ್ಲ ಹಳೇ ನೋಟ್‌ಬುಕ್ಕಿನ ಹಿಂದೆ ಬರೆಸಿ, ಪಕ್ಕದಲ್ಲಿ ನಮ್ಮ ಮಾತು ಬರೆಸಿದೆ. ವ್ಯಯಿಸಿದನು ಅಂದರೆ ಖರ್ಚು ಮಾಡಿದ, ಅಷ್ಟೇ.

ಲಾಭ-ನಷ್ಟ ಕಲಿಸಿದ್ದು ಮಾತ್ರ ನಾನಲ್ಲ, ನಮ್ಮತ್ತೆ. ಶಾಲೆಯ ಮೆಟ್ಟಿಲು ಹತ್ತದವರು, ಸಂತೆಯಲ್ಲಿ ಹೂವು ಮಾರುತ್ತಾರೆ. ಒಂದು ಡಜನ್ ಬಾಳೆಹಣ್ಣನ್ನು 48 ರೂಪಾಯಿಗೆ ಕೊಂಡು, ಒಂದಕ್ಕೆ 5 ರೂಪಾಯಿಯಂತೆ ಮಾರಿದರೆ ಶೇಕಡಾ ಲಾಭವೆಷ್ಟು ಅನ್ನುವುದು ಲೆಕ್ಕ. ಬಂದಿದ್ದು 60, ಲಾಭ 12 ಅಂತ ಸರಿಯಾಗೇ ಹೋದ ಮಗಳು, 12ನ್ನು 60ರಿಂದ ಭಾಗಿಸಿ 20 ಅಂತ ಗುರುತು ಹಾಕಿದಳು. ಕೊಟ್ಟ ನಾಲ್ಕು ಉತ್ತರಗಳಲ್ಲಿ 20 ಇತ್ತು. ಮಕ್ಕಳು ಎಲ್ಲಿ ಜಾರುತ್ತಾರೆ ಅಂತ ಪ್ರಶ್ನೆ ತೆಗೆಯುವವರಿಗೆ ಚೆನ್ನಾಗಿ ಗೊತ್ತು!

ಹೂ ಕಟ್ಟುತ್ತಾ ಕೇಳಿಸಿಕೊಂಡ ಅತ್ತೆ, "ಹಾಕಿದ್ ದುಡ್ಡು ಎಷ್ಟವ್ವ?" ಅಂದರು.

"48 ಅಜ್ಜಿ."

"ಹುಟ್ಟಿದ್ದು?"

"12."

"ಹಾಕಿದ್ದರ ಮ್ಯಾಲೆ ತಾನೆ ಲಾಭ ನೋಡೋದು? ನಾಲ್ಕಕ್ಕೆ ಒಂದು ಹುಟ್ಟೈತೆ."

ನಾಲ್ಕಕ್ಕೆ ಒಂದು ಅಂದರೆ ನೂರಕ್ಕೆ 25. ಅದಾದ ಮೇಲೆ ಲಾಭದ ಲೆಕ್ಕ ಬಂದಾಗಲೆಲ್ಲ ಮಗಳು 'ಹಾಕಿದ್ದು' ಅಂತ ಮೊದಲು ಬರೆದುಕೊಳ್ಳುತ್ತಾಳೆ.

'ಉಳಿದುದರಲ್ಲಿ' ಅನ್ನುವ ಪದ ಇನ್ನೂ ಕಾಡುತ್ತದೆ. 600 ರೂಪಾಯಿಯಲ್ಲಿ ಮೂರನೇ ಒಂದು ಭಾಗ ಅಕ್ಕಿಗೆ, ಉಳಿದುದರಲ್ಲಿ ನಾಲ್ಕನೇ ಒಂದು ಭಾಗ ಎಣ್ಣೆಗೆ ಅಂದರೆ, ಎರಡನ್ನೂ 600ರಲ್ಲೇ ತೆಗೆದುಬಿಡುತ್ತಾಳೆ. ಅದಕ್ಕೆ ಉದ್ದನೆಯ ಪಟ್ಟಿ ಎಳೆದು ಮೂರು ಮನೆ ಮಾಡಿಸಿ, ಒಂದನ್ನು ಹೊಡೆದುಹಾಕಿಸುತ್ತೇನೆ. ಕಣ್ಣೆದುರು 400 ಉಳಿದಾಗ ಎಣ್ಣೆಗೆ 100, ಕೈಯಲ್ಲಿ 300 ಅಂತ ತಾನೇ ಹೇಳುತ್ತಾಳೆ.

ಪರೀಕ್ಷೆಗೆ ಇನ್ನು ಆರು ವಾರ. ಮೊದಮೊದಲು 20 ಲೆಕ್ಕಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು, ಈಗ 38 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡ, ತಡೆದದ್ದನ್ನು ದಾಟಿ ಹೋಗಿ ಆಮೇಲೆ ವಾಪಸ್ ಬಾ ಅಂತ ಹೇಳಿದ್ದೇನೆ. ಹತ್ತು ವರ್ಷದ ಮಗುವನ್ನು ಹಾಸ್ಟೆಲಿಗೆ ಕಳಿಸಬೇಕಾ ಅಂತ ಇವರು ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಲೇ ಇದ್ದಾರೆ. ಫಲಿತಾಂಶ ಬರಲಿ, ಆಗ ಮಾತಾಡೋಣ ಅಂದಿದ್ದೇನೆ. ಸದ್ಯಕ್ಕೆ ಆ ಎಂಟು ನಿಮಿಷ ಇಳಿಸಬೇಕು.