ಗಾಳಿಯ ಜಮಾ-ಖರ್ಚು

ಕಾಮರ್ಸ್ ಓದುವವನಿಗೆ ವಾಯುಮಂಡಲದ ಉಸಾಬರಿ ಯಾಕೆ ಎಂದು ನಮ್ಮ ಸಂಘದ ಗೆಳೆಯರು ನಗಬಹುದು. ನಗಲಿ. ಡೆಬಿಟ್-ಕ್ರೆಡಿಟ್ ಬಿಟ್ಟರೆ ನನಗೆ ಬಾಯಿಪಾಠ ಬರುವ ಲೆಕ್ಕ ಅದೊಂದೇ. ಕನ್ನಡ ಶಾಲೆಯ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ್ದು: ಸಾರಜನಕ ಶೇ. 78.08, ಆಮ್ಲಜನಕ 20.95, ಆರ್ಗಾನ್ 0.93, ಇಂಗಾಲದ ಡೈಆಕ್ಸೈಡ್ 0.04. ಮೇಷ್ಟ್ರ ಹಳೇ ಪುಸ್ತಕದಲ್ಲಿ ಈ ಕೊನೆಯದು 0.03 ಇತ್ತು, ಏರಿದ್ದು ಕಲ್ಲಿದ್ದಲು, ಎಣ್ಣೆ ಸುಟ್ಟದ್ದರ ಬಡ್ಡಿ. ನಿಯಾನ್, ಹೀಲಿಯಂ ಮೊದಲಾದವು ಬರೀ ಚಿಲ್ಲರೆ. ಇದೆಲ್ಲ ಒಣಗಾಳಿಯ ಲೆಕ್ಕ. ನೀರಾವಿಯದು ಮಾತ್ರ ದಿನಕ್ಕೊಂದು ದರ. ನಮ್ಮ ಮುಂಬೈಯ ಜುಲೈಯಲ್ಲಂತೂ ಒಗೆದ ಅಂಗಿ ಮೂರು ದಿನ ಒಣಗುವುದಿಲ್ಲ.

ಸಾಯನ್ಸ್ ಸೇರುವ ಆಸೆ ಇತ್ತು, ಇಂಗ್ಲಿಷಿಗೆ ಹೆದರಿ ಬಿಟ್ಟೆ. ಒಮ್ಮೆ ಕ್ಯಾಂಟೀನಿನಲ್ಲಿ ಬಾಯಿತಪ್ಪಿ 'ಸಾರಜನಕ' ಅಂದಾಗ, "ಅದ್ಯಾವ ಸಾರು ಮಾರಾಯ?" ಎಂದು ನಮ್ಮ ಕನ್ನಡದ ಹುಡುಗರೇ ನಕ್ಕರು. ಅಲ್ಲಿಗೆ ಆ ಶಬ್ದಗಳು ಟ್ರಂಕಿನ ತಳ ಸೇರಿದವು.

ಕಳೆದ ಮಳೆಗಾಲ ದೊಡ್ಡಪ್ಪನಿಗೆ ಉಸಿರಾಡುವುದೇ ಕಷ್ಟವಾಯಿತು. ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತ ಜೀವ, ಮೇಲೆ ಬೀಡಿ. ಶ್ವಾಸಕೋಶ ಸವೆದಿದೆ, ದಿನಕ್ಕೆ 15 ಗಂಟೆಯಾದರೂ ಆಕ್ಸಿಜನ್ ಬೇಕು ಎಂದರು ಡಾಕ್ಟರು. ಬಾಡಿಗೆಗೆ ಮೆಷೀನು ಬಂತು. ದೊಡ್ಡಪ್ಪ ಮಾತ್ರ ಮೂಗಿಗೆ ನಳಿಗೆ ಹಾಕಲೊಲ್ಲರು.

"ಸಿಲಿಂಡರಿಲ್ಲ, ಏನಿಲ್ಲ. ಇದೇ ಕೋಣೆಯ ಗಾಳಿ ಎಳೆದು ನನಗೇ ಕೊಡ್ತದೆ. ಅದಕ್ಕೆ ತಿಂಗಳ ಬಾಡಿಗೆ! ಬೇಡ, ವಾಪಸ್ ಕಳಿಸು."

ಅಡುಗೆಮನೆಯಲ್ಲಿ ದೊಡ್ಡಮ್ಮ ಮೆಲ್ಲಗೆ ಹೇಳಿದರು: "ಇದು ನಿನ್ನ ಫೀಸು ಕಟ್ಟುವ ತಿಂಗಳಲ್ಲವಾ ಮಾಣಿ, ಅದಕ್ಕೇ ಅವರ ಹಟ."

ಆ ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಅವರ ಪಕ್ಕ ಕೂತೆ. "ದೊಡ್ಡಪ್ಪ, ನೂರು ಲೋಟ ಗಾಳಿಯಲ್ಲಿ ಎಪ್ಪತ್ತೆಂಟು ಲೋಟ ಸಾರಜನಕ. ಹೋಟೆಲಿಗೆ ಬಂದು ಏನೂ ತಗೊಳ್ಳದೆ ಎದ್ದು ಹೋಗುವ ಗಿರಾಕಿ ಅದು. ಎದೆಯೊಳಗೆ ಹೋಗ್ತದೆ, ಹಾಗೇ ಹೊರಗೆ ಬರ್ತದೆ. ನಿಮಗೆ ಬೇಕಾದ ಆಮ್ಲಜನಕ ಇಪ್ಪತ್ತೊಂದೇ ಲೋಟ. ಮೆಷೀನಿನಲ್ಲಿ ಜಿಯೋಲೈಟ್ ಅಂತ ಹರಳು ಉಂಟು. ಗಾಳಿ ಒತ್ತಿ ಹಾಯಿಸಿದರೆ ಅದು ಸಾರಜನಕವನ್ನ ಹಿಡಿದುಕೊಳ್ತದೆ, ಆಮ್ಲಜನಕವನ್ನ ಬಿಡ್ತದೆ. ನಳಿಗೆಯಲ್ಲಿ ಬರುವುದು ನೂರಕ್ಕೆ ತೊಂಬತ್ತು ಆಮ್ಲಜನಕವೇ. ನೀವು ಹಿಟ್ಟು ಜರಡಿ ಹಿಡಿಯುವುದಿಲ್ಲವಾ, ಹಾಗೆ."

"ಹಾಗಾದ್ರೆ ಆ ದಂಡಪಿಂಡವನ್ನ ದೇವರು ಅಷ್ಟೊಂದು ಯಾಕೆ ಇಟ್ಟ?"

"ಅದಿಲ್ಲದಿದ್ರೆ ಒಂದು ಕಿಡಿಗೆ ಮನೆಯೇ ಹೊತ್ತಿಕೊಂಡೀತು. ಅದಕ್ಕೇ ಈ ಮೆಷೀನಿನ ಹತ್ತಿರ ಬೀಡಿಯೂ ಬೇಡ, ದೇವರ ದೀಪವೂ ಬೇಡ."

"ಊರಿಗೆ ಹೋದ್ರೆ ಒಳ್ಳೇ ಗಾಳಿ..."

"ಊರಲ್ಲೂ ಇಪ್ಪತ್ತೊಂದೇ. ಎವರೆಸ್ಟ್ ತುದಿಯಲ್ಲೂ ಇಪ್ಪತ್ತೊಂದೇ. ಆದರೆ ಅಲ್ಲಿ ಗಾಳಿಯ ಒತ್ತಡ ಇಲ್ಲಿಯ ಮೂರರಲ್ಲೊಂದು ಪಾಲು. ಶೇಕಡಾ ಅಷ್ಟೇ, ಬಂಡವಾಳ ಕಡಿಮೆ. ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ. ನೀವು ಈ ಚಾಳಿನಲ್ಲಿ ಕೂತೇ ಬೆಟ್ಟ ಹತ್ತಿದ್ದೀರಿ."

ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನ ಫೀಸು?" ಎಂದರು.

"ಸಂಜೆ ಒಂದು ಅಂಗಡಿಯ ಲೆಕ್ಕ ಬರೆಯಲು ಒಪ್ಪಿಕೊಂಡಿದ್ದೇನೆ."

ಒಪ್ಪಿಕೊಂಡಿರಲಿಲ್ಲ. ಮರುದಿನ ಹೋಗಿ ಒಪ್ಪಿಕೊಂಡೆ.

ದೊಡ್ಡಮ್ಮ ದೀಪವನ್ನು ಅಡುಗೆಮನೆಗೆ ಒಯ್ದರು. ನಳಿಗೆ ಹಾಕುವ ಮೊದಲು ಬೆರಳಿನ ಯಂತ್ರ 84 ತೋರಿಸುತ್ತಿತ್ತು. ಅರ್ಧ ಗಂಟೆಯಲ್ಲಿ 91.

ಈಗ ರಾತ್ರಿ ಲೆಕ್ಕ ಮುಗಿಸಿ ಬಂದರೆ ದೊಡ್ಡಪ್ಪ ಕೇಳುತ್ತಾರೆ: "ಏನು ಮಾಣಿ, ಇವತ್ತಿನ ಸಾರಜನಕ ವಾಪಸ್ ಹೋಯ್ತಾ?" ನಾಲ್ಕನೇ ಕ್ಲಾಸು ಓದಿದ ಅವರ ಬಾಯಲ್ಲಿ ಆ ಶಬ್ದ ಎಷ್ಟು ಸಲೀಸು! ಕ್ಯಾಂಟೀನಿನಲ್ಲಿ ಯಾರಾದರೂ ನಕ್ಕರೆ ಈಗ ನಾನೂ ಜೊತೆಗೆ ನಗುತ್ತೇನೆ. ಶಬ್ದವನ್ನು ಮಾತ್ರ ಬದಲಾಯಿಸುವುದಿಲ್ಲ.