ಕಡಲಿಗೆ ದೋಣಿ ಇಳಿಸುವ ಪಾಠ

ಮನೆ ಬಾಗಿಲಿಗೆ ಬಂದ ಬಂಗುಡೆ ಕೊಳ್ಳುವಾಗ ನೀವು ಏನನ್ನು ನೋಡುತ್ತೀರಿ? ಕಣ್ಣು ತಿಳಿಯಾಗಿದೆಯೇ, ಕಿವಿರು ಕೆಂಪಾಗಿದೆಯೇ ಎಂದು ನೋಡುತ್ತೀರಿ. ಆಮೇಲೆ ಬೆಲೆ ಕೇಳುತ್ತೀರಿ. ಬೆಲೆ ಹೆಚ್ಚಾಯಿತೆಂದು ನಾಲ್ಕು ಮಾತು ಆಡುತ್ತೀರಿ. ತಪ್ಪೇನಿಲ್ಲ, ನಾನೂ ಹಾಗೆಯೇ ಮಾಡುತ್ತಿದ್ದೆ. ಆ ಮೀನು ನಮ್ಮ ಬುಟ್ಟಿಗೆ ಬೀಳುವ ಮೊದಲು ಯಾರು ಎಷ್ಟು ಗಂಟೆಗೆ ಎದ್ದರು, ಯಾವ ತೆರೆ ದಾಟಿದರು ಎಂದು 2019ರ ಜನವರಿಯವರೆಗೆ ನಾನು ಯೋಚಿಸಿದವನೇ ಅಲ್ಲ.

ನಾನು ಘಟ್ಟದ ಮೇಲಿನವನು. ಮದ್ರಸದಲ್ಲಿ ಓದು ಮುಗಿಸಿ, ಆಮೇಲೆ ಖಾಸಗಿಯಾಗಿ ಬಿ.ಎ. ಮಾಡಿ, ಮಾಸ್ತರಿಕೆಗೆಂದು ಭಟ್ಕಳದ ಕಡಲ ತೀರಕ್ಕೆ ಬಂದವನು. ಹೊಳೆಯಲ್ಲಿ ಮೊಣಕಾಲುದ್ದ ನೀರು ದಾಟಿದ್ದೇ ನನ್ನ ಜಲಯಾನ. ಈಜು ಬಾರದು. ಭಟ್ಕಳದ ಚರಿತ್ರೆಯನ್ನು ಮಾತ್ರ ಮಕ್ಕಳಿಗೆ ಚೆನ್ನಾಗಿಯೇ ಹೇಳುತ್ತಿದ್ದೆ. ವಿಜಯನಗರದ ಕಾಲದಲ್ಲಿ ಅರಬಿ ಕುದುರೆಗಳು ಇಳಿಯುತ್ತಿದ್ದ ಬಂದರು ಇದು ಎಂದು ಹೇಳುತ್ತಿದ್ದೆ. ಇಲ್ಲಿನ ಕಡಲ ಕಸುಬಿನ ಮುಸ್ಲಿಮರನ್ನು ಕರೆಯುವ ‘ನಾಖುದಾ’ ಎಂಬ ಮಾತು ಫಾರಸಿಯದು, ‘ನಾವ್’ ಎಂದರೆ ಹಡಗು, ‘ಖುದಾ’ ಎಂದರೆ ಒಡೆಯ, ಹಡಗಿನ ಯಜಮಾನ ಎಂದರ್ಥ ಎಂದೂ ವಿವರಿಸುತ್ತಿದ್ದೆ. ಆದರೆ ಅಂಥದ್ದೇ ಒಂದು ಮನೆಯ ಹುಡುಗ ನನ್ನ ಎದುರಿನ ಬೆಂಚಿನಲ್ಲಿ ಕುಳಿತು ದಿನವೂ ತೂಕಡಿಸುತ್ತಿದ್ದುದು ಏಕೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಹುಡುಗ ಒಂಬತ್ತನೆ ತರಗತಿ. ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದ. ಬಂದರೆ ನಿದ್ದೆ. ಅಂಗೈ ತುಂಬ ಗೀರುಗಳು. “ಹೇಳಿದ್ದು ತಲೆಗೆ ಹೋಗುವುದಿಲ್ಲವೇ ನಿನಗೆ? ಎಷ್ಟು ಸಲ ಹೇಳಬೇಕು?” ಎಂದು ಗದರಿಸಿ ಒಂದು ದಿನ ಎಲ್ಲರೆದುರು ಹೊರಗೆ ನಿಲ್ಲಿಸಿದೆ. ಅವನು ಮರುಮಾತಾಡದೆ ಹೋಗಿ ನಿಂತ. ಅಂದು ಸಂಜೆಯೇ ದೂರು ಹೇಳಲು ಅವನ ಮನೆಗೆ ಹೋದೆ.

ಅಂಗಳದಲ್ಲಿ ಅವನ ಅಜ್ಜ ಬಲೆ ಹೊಲಿಯುತ್ತ ಕುಳಿತಿದ್ದರು. ತಂದೆ ಮಲ್ಪೆಯ ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದರು. ಒಮ್ಮೆ ಹೊರಟರೆ ಹತ್ತು ದಿನ ಕಡಲಿನಲ್ಲೇ. ಅಜ್ಜನದು ಸಣ್ಣ ಪಾತಿ ದೋಣಿ. ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಎಳೆಯಬೇಕು. ಆ ಇನ್ನೊಬ್ಬನೇ ನನ್ನ ಶಿಷ್ಯ.

ಆ ದಿನಗಳು ನಿಮಗೆ ನೆನಪಿರಬಹುದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಗಿತ್ತು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಜನವರಿ 6ರ ಭಾನುವಾರ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದಿದ್ದರು. ಬೋಟಿನ ಅವಶೇಷ ಮಾಲ್ವಣದ ಕಡಲಿನಲ್ಲಿ ಪತ್ತೆಯಾದದ್ದು ಮೇ ತಿಂಗಳಲ್ಲಿ. ನಾನು ಹೋದ ಆ ಸಂಜೆ ಯಾರಿಗೂ ಏನೂ ಗೊತ್ತಿರಲಿಲ್ಲ. ಹುಡುಗನ ತಾಯಿ ಬಾಗಿಲ ಹಿಂದಿನಿಂದಲೇ ಹೇಳಿದರು: “ಇವನ ಅಬ್ಬಾ ಕೂಡ ಕಡಲಿನಲ್ಲೇ ಇದ್ದಾರೆ ಮಾಸ್ತರ್ರೇ. ಫೋನು ಬಂದು ಐದು ದಿನವಾಯಿತು. ಇವನು ದಿನಾ ಶಾಲೆಗೆ ಹೋದರೆ ನನಗೂ ಸಂತೋಷವೇ. ಆದರೆ ಮಾವನನ್ನು ಒಬ್ಬರನ್ನೇ ಹೇಗೆ ಕಳಿಸುವುದು?”

ನನ್ನ ಬಾಯಲ್ಲಿದ್ದ ದೂರು ಅಲ್ಲೇ ಉಳಿಯಿತು. ಅಜ್ಜ ಬಲೆಯಿಂದ ತಲೆ ಎತ್ತದೆ, “ಒಂದು ದಿನ ನೀವೂ ಬನ್ನಿ ಮಾಸ್ತರ್ರೇ. ನೋಡಿ. ಆಮೇಲೆ ಏನು ಹೇಳಬೇಕೋ ಹೇಳಿ” ಎಂದರು.

ಕಡಲಿಗೆ ಹೋಗುವ ಮೊದಲು ಮೂರು ಸಂಜೆ ದಡದ ಮೇಲೆಯೇ ಪಾಠ. ಪಾತಿ ದೋಣಿ ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ಸಪೂರ ದೋಣಿ. ಹಿಂದೆ ದೊಡ್ಡ ಮಾವಿನ ಮರವನ್ನು ಕೊರೆದು ಮಾಡುತ್ತಿದ್ದರು, ಈಗ ಫೈಬರಿನದ್ದೇ ಹೆಚ್ಚು. ಒಂದು ಬದಿಗೆ ಎರಡು ಕೋಲುಗಳನ್ನು ಚಾಚಿ, ಅವುಗಳ ತುದಿಗೆ ಒಂದು ಮರದ ದಿಮ್ಮಿ ಕಟ್ಟಿರುತ್ತಾರೆ. ದೋಣಿಗೆ ಅದು ಊರುಗೋಲು ಇದ್ದಂತೆ. ದೋಣಿ ಆ ಕಡೆ ವಾಲಿದರೆ ದಿಮ್ಮಿ ತೇಲಿ ತಡೆಯುತ್ತದೆ. ಈ ಕಡೆ ವಾಲಿದರೆ ದಿಮ್ಮಿಯ ಭಾರ ಎಳೆದು ಹಿಡಿಯುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಆ ಮಿತಿ ಎಲ್ಲಿದೆ ಎಂಬುದು ನನಗೆ ಆಮೇಲೆ ಚೆನ್ನಾಗಿ ತಿಳಿಯಿತು.

ಮೊದಲ ಸಂಜೆ ಅಜ್ಜ ದೋಣಿಯನ್ನು ಮುಟ್ಟಲೇ ಬಿಡಲಿಲ್ಲ. ಮರಳಿನ ಮೇಲೆ ಕೂರಿಸಿ ತೆರೆ ಎಣಿಸಲು ಹೇಳಿದರು. ನೋಡುತ್ತ ಕುಳಿತರೆ ನಿಮಗೂ ಗೊತ್ತಾಗುತ್ತದೆ, ತೆರೆಗಳೆಲ್ಲ ಒಂದೇ ಸಮನಾಗಿ ಬರುವುದಿಲ್ಲ. ಕೆಲವು ದೊಡ್ಡ ತೆರೆಗಳು ಒಂದರ ಹಿಂದೆ ಒಂದು ಬಂದು ಅಪ್ಪಳಿಸುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬಿಡುವು. ದೋಣಿ ಇಳಿಸಬೇಕಾದದ್ದು ಆ ಬಿಡುವಿನಲ್ಲಿ. ಅವಸರ ಮಾಡಿದವನಿಗೆ ಕಡಲು ದಾರಿ ಬಿಡುವುದಿಲ್ಲ.

ಎರಡನೆ ಸಂಜೆ ದುಂಡು ಮರದ ತುಂಡುಗಳ ಮೇಲೆ ದೋಣಿ ಉರುಳಿಸುವುದನ್ನು ಕಲಿಸಿದರು. ಹಿಂದೆ ಬಿಟ್ಟ ತುಂಡನ್ನು ಓಡಿ ತಂದು ಮುಂದೆ ಹಾಕುವುದು ಹುಡುಗನ ಕೆಲಸ. ಮೂತಿ ಸದಾ ತೆರೆಗೆ ನೇರವಾಗಿರಬೇಕು. ಅಡ್ಡ ತಿರುಗಿತೋ, ಮುಂದಿನ ತೆರೆ ಅದನ್ನು ಮಗುಚುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಅಜ್ಜ ಎರಡು ಸಲ ಹೇಳಿದರು: “ನೀರಿನಲ್ಲಿ ಎಂದೂ ದೋಣಿಗೂ ದಡಕ್ಕೂ ನಡುವೆ ನಿಲ್ಲಬೇಡಿ. ತೆರೆ ದೋಣಿಯನ್ನು ದಡಕ್ಕೆ ತಳ್ಳುತ್ತದೆ. ನಡುವೆ ನಿಂತವನ ಕಾಲು ಮುರಿಯುತ್ತದೆ. ಬಿದ್ದರೆ ಕಡಲ ಕಡೆಗೆ ಸರಿಯಿರಿ.” ನಾನು ತಲೆಯಾಡಿಸಿದೆ. ಸಣ್ಣ ಮಾತು, ನೆನಪಿಡುವುದೇನು ಕಷ್ಟ ಎಂದುಕೊಂಡೆ.

ಮೂರನೆ ಸಂಜೆ ಹುಟ್ಟು. ನಾನು ತೋಳಿನಿಂದ ಎಳೆದು ಹತ್ತೇ ನಿಮಿಷಕ್ಕೆ ಸುಸ್ತಾದೆ. ಹುಡುಗ ನಕ್ಕು, “ತೋಳಲ್ಲ ಸಾರ್, ಬೆನ್ನು” ಎಂದ. ತರಗತಿಯಲ್ಲಿ ಅವನು ನನ್ನೊಡನೆ ಅಷ್ಟು ಧೈರ್ಯವಾಗಿ ಮಾತಾಡಿದ್ದೇ ಇಲ್ಲ.

ಹೊರಡುವ ದಿನವನ್ನು ಅಜ್ಜ ಚಂದ್ರನನ್ನು ನೋಡಿ ನಿಶ್ಚಯಿಸಿದರು. ತಿಂಗಳ ಮೊದಲ ದಿನಗಳಲ್ಲೂ ಹದಿನಾಲ್ಕು-ಹದಿನೈದರ ಸುತ್ತಲೂ ಉಬ್ಬರ ಇಳಿತ ಹೆಚ್ಚು. ಏಳರ ಸುತ್ತ, ಇಪ್ಪತ್ತೆರಡರ ಸುತ್ತ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಾವು ರಮಝಾನಿಗೆ, ಈದಿಗೆ ಚಂದ್ರನನ್ನು ಹುಡುಕುತ್ತೇವೆ. ಈ ಮನೆಯವರು ಪ್ರತಿ ತಿಂಗಳೂ ಹುಡುಕುತ್ತಾರೆ. ಅದು ಜುಮಾದಲ್ ಊಲಾ ತಿಂಗಳ ಏಳರ ಆಸುಪಾಸು. ಅರ್ಧಚಂದ್ರ ನಡುರಾತ್ರಿಗೇ ಮುಳುಗಿದ್ದ. ನೀರಿನ ಸೆಳೆತವೂ ಕಡಿಮೆ, ಕತ್ತಲೆಯಲ್ಲಿ ಬಲೆಯೂ ಮೀನಿಗೆ ಕಾಣದು. “ಹೊಸಬರಿಗೆ ಇದೇ ಒಳ್ಳೆಯ ದಿನ” ಎಂದರು.

ಅಜ್ಜನಿಗೆ ಓದಲು ಬಾರದು. ಹಿಂದಿನ ರಾತ್ರಿ ಹುಡುಗ ಮೊಬೈಲಿನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆ ತೆಗೆದು, ತೆರೆ ಎಷ್ಟು ಮೀಟರ್, ಗಾಳಿ ಯಾವ ದಿಕ್ಕಿನದು, ಎಷ್ಟು ವೇಗ ಎಂದು ಓದಿ ಹೇಳಿದ. ಅಜ್ಜ ಕಣ್ಣುಮುಚ್ಚಿ ಕೇಳಿ, ಹೊರಗೆ ಹೋಗಿ ಆಕಾಶ ನೋಡಿ ಬಂದು, “ಸರಿ” ಎಂದರು. ನನ್ನ ಹೆಂಡತಿ ಮಾತ್ರ ಸರಿ ಎನ್ನಲಿಲ್ಲ. ಲೈಫ್ ಜಾಕೆಟ್ ಹಾಕುತ್ತೇನೆಂದು ಮಾತು ಕೊಟ್ಟ ಮೇಲೆಯೇ ಬಿಟ್ಟಳು.

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆ. ಉಪ್ಪು ಹಾಕಿದ ಗಂಜಿ ಕುಡಿಸಿದರು; ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ತಿರುಗುತ್ತದಂತೆ. ನೆಲದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ತಡವಾಗಿ. ಆದ್ದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸಿ ದೋಣಿಯನ್ನು ಕಳಿಸಿಕೊಡುತ್ತದೆ. ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ ಬೀಸಿ ಮನೆಗೆ ತರುತ್ತದೆ. ಈ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಬಾಣ ಬರೆದು ಮಾಡಿದ್ದೆ. ಅಂದು ಅದು ನನ್ನ ಬೆನ್ನಿಗೆ ತಗುಲಿತು.

ದೊಡ್ಡ ತೆರೆಗಳು ಬಂದು ಹೋದವು. “ಬಿಸ್ಮಿಲ್ಲಾಹ್, ಈಗ!” ಎಂದರು ಅಜ್ಜ. ಮೂವರೂ ತಳ್ಳಿದೆವು. ನೀರು ಸೊಂಟಕ್ಕೆ ಬಂದಾಗ ಹುಡುಗ ಬೆಕ್ಕಿನಂತೆ ಒಳಗೆ ಹಾರಿದ. ನನ್ನನ್ನು ಇಬ್ಬರೂ ಸೇರಿ ಚೀಲದಂತೆ ಎಳೆದುಕೊಂಡರು.

ದಡದಿಂದ ಎರಡು ಕಿಲೋಮೀಟರಿನಷ್ಟು ಹೋಗಿ ಬಲೆ ಬಿಟ್ಟೆವು. ಮೇಲಂಚಿಗೆ ತೇಲುಬುಂಡೆ, ಕೆಳಗಂಚಿಗೆ ಸೀಸದ ಗುಂಡು. ನೀರಿನಲ್ಲಿ ಪರದೆಯಂತೆ ನಿಲ್ಲುತ್ತದೆ. ಮೀನು ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಕಣ್ಣು ದೊಡ್ಡದಿದ್ದರೆ ಮರಿಗಳು ತಪ್ಪಿಸಿಕೊಳ್ಳುತ್ತವೆ. “ಮರಿ ಹಿಡಿದರೆ ಬರುವ ವರ್ಷ ಏನು ಹಿಡಿಯುವುದು?” ಎಂದರು ಅಜ್ಜ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದೂ ಇದೇ ಕಾರಣಕ್ಕೆ. ಅದು ಮೀನು ಮೊಟ್ಟೆ ಇಡುವ ಕಾಲ.

ಬಲೆ ಬಿಟ್ಟು ಕಾಯುವಾಗ ಫಜ್ರ್ ಹೊತ್ತಾಯಿತು. ಸಮುದ್ರದ ನೀರಿನಿಂದ ವುಝೂ ಆಗುತ್ತದೆ ಎಂಬ ಪಾಠವನ್ನು ಮದ್ರಸದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಾಡಿದ್ದು ಅಂದೇ ಮೊದಲು. ನಿಲ್ಲಲಾಗದ ದೋಣಿಯಲ್ಲಿ ಕುಳಿತೇ ನಮಾಝ್ ಮಾಡಿದೆವು. ಅಲ್ಲಿ ಕಿಬ್ಲಾ ಇರುವುದೂ ಕಡಲ ಕಡೆಗೇ. ದುಆ ಮಾಡುವಾಗ ಅಜ್ಜನ ತುಟಿ ಬಹಳ ಹೊತ್ತು ಅಲುಗುತ್ತಿತ್ತು. ಮಗನಿಗಾಗಿ ಎಂದು ನಾನು ಕೇಳದೆಯೇ ತಿಳಿದುಕೊಂಡೆ. ಆ ಏಳು ಮಂದಿಗಾಗಿಯೂ ನಾನು ಕೈ ಎತ್ತಿದೆ.

ಬೆಳಕು ಹರಿದಾಗ ದಡ ಒಂದು ಹಸಿರು ಗೆರೆ. ಉತ್ತರಕ್ಕೆ ಮುರ್ಡೇಶ್ವರದ ಗೋಪುರ. ಮಸೀದಿಯ ಮಿನಾರ ಹಿಂದಿನ ಗುಡ್ಡದ ತುದಿಗೆ ನೇರ ಬಂದರೆ ಇಷ್ಟು ದೂರ, ಗೋಪುರ ಇನ್ನೊಂದು ಗುರುತಿಗೆ ನೇರ ಬಂದರೆ ಬಲೆ ಬಿಟ್ಟ ಜಾಗ ಇದೇ ಎಂದು ಹುಡುಗ ತೋರಿಸಿದ. ಎರಡು ಗೆರೆ ಕೂಡುವಲ್ಲಿ ಒಂದು ಬಿಂದು! ರೇಖಾಗಣಿತದಲ್ಲಿ ಅವನಿಗೆ ಬಂದಿದ್ದ ಅಂಕ ನನಗೆ ನೆನಪಿತ್ತು. ನಾನು ಏನೂ ಹೇಳಲಿಲ್ಲ.

ಬಲೆ ಎಳೆದಾಗ ಬಂಗುಡೆ, ಒಂದಷ್ಟು ನೊಗಲಿ, ಎರಡು ಏಡಿ ಬಂದವು. ಬುಟ್ಟಿ ಮುಕ್ಕಾಲು ತುಂಬಿತು. ನನ್ನ ಅಂಗೈಯಲ್ಲೂ ಹುಡುಗನ ಅಂಗೈಯ ಗೀರುಗಳು ಮೂಡಿದವು.

ಹಿಂದಿರುಗುವುದೇ ಕಷ್ಟದ ಕೆಲಸ. ಹೋಗುವಾಗ ತೆರೆ ಎದುರಿಗೆ ಕಾಣುತ್ತದೆ. ಬರುವಾಗ ಬೆನ್ನ ಹಿಂದಿನಿಂದ ಬರುತ್ತದೆ. “ನಾನು ಹೇಳುವವರೆಗೆ ಅಲುಗಬೇಡಿ” ಎಂದರು ಅಜ್ಜ. ದಡ ಇಪ್ಪತ್ತು ಮಾರು ಇದ್ದಾಗ ಹಿಂದಿನಿಂದ ಒಂದು ತೆರೆ ದೋಣಿಯನ್ನು ಎತ್ತಿತು. ನನಗೆ ಜೀವ ಬಾಯಿಗೆ ಬಂದಂತಾಗಿ ಎದ್ದು ಒಂದು ಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟೇ. ದಿಮ್ಮಿ ನೀರಿನಿಂದ ಮೇಲೆದ್ದಿತು, ದೋಣಿ ಅಡ್ಡ ತಿರುಗಿತು, ನಾನು ನೀರಿಗೆ ಬಿದ್ದೆ. ಎದೆಯುದ್ದದ ನೀರು. ಎದ್ದು ನಿಂತು ದಡದ ಕಡೆಗೆ ಓಡಲು ನೋಡಿದೆ. ನಾನು ನಿಂತದ್ದು ದೋಣಿಗೂ ದಡಕ್ಕೂ ನಡುವೆ.

“ಸಾರ್, ಆ ಕಡೆ! ಕಡಲ ಕಡೆ!” ಹುಡುಗ ನೀರಿಗೆ ಹಾರಿ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದ. ನಾವು ದೋಣಿಯ ಹಿಂಬದಿಯಿಂದ ಆಚೆ ಸರಿದ ಮರುಕ್ಷಣ, ನಾನು ನಿಂತಿದ್ದ ಜಾಗದ ಮೇಲೆ ದೋಣಿ ದಡದಡ ಹಾದು ಮರಳಿಗೆ ಬಡಿಯಿತು. ಬುಟ್ಟಿ ಮಗುಚಿ ಅರ್ಧದಷ್ಟು ಮೀನು ಕಡಲು ಸೇರಿತ್ತು.

ನಾನು ಮರಳಿನ ಮೇಲೆ ಕುಳಿತು ಉಪ್ಪುನೀರು ಉಗುಳುತ್ತಿದ್ದೆ. ಎರಡು ಸಲ ಹೇಳಿದ ಪಾಠ. ಎರಡೇ ದಿನಕ್ಕೆ ಮರೆತಿದ್ದೆ. ಒಂದು ಬೆಳಗಿನ ಸಂಪಾದನೆ ನನ್ನಿಂದಾಗಿ ಹೋಗಿತ್ತು. ಅಜ್ಜ ಗದರಿಸುತ್ತಾರೆಂದು ಕಾದೆ. ಅವರು ಬಂದು, “ಕಾಲಿಗೆ ಪೆಟ್ಟಾಯಿತೇ?” ಎಂದು ಕೇಳಿದರು. ಇಲ್ಲ ಎಂದೆ. “ಅಲ್‌ಹಮ್ದುಲಿಲ್ಲಾಹ್. ಮೊದಲ ಸಲ ಎಲ್ಲರೂ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ” ಎಂದು ಉಳಿದ ಮೀನು ಹೆಕ್ಕತೊಡಗಿದರು. ಹುಡುಗನೂ ಏನೂ ಹೇಳಲಿಲ್ಲ. ನನ್ನ ಚಪ್ಪಲಿ ಹುಡುಕಿ ತಂದುಕೊಟ್ಟ.

ಮನೆಗೆ ಬಂದಾಗ ಅವನ ತಾಯಿ ನಮ್ಮ ಮೂವರ ತಲೆ ಎಣಿಸಿದ ಮೇಲೆಯೇ ಬುಟ್ಟಿ ನೋಡಿದರು. ಮೀನು ಏಕೆ ಕಡಿಮೆ ಎಂದು ಕೇಳಲಿಲ್ಲ. ಅಂದು ಮಧ್ಯಾಹ್ನ ಅವರ ಪತಿಯ ಫೋನು ಬಂತು.

ಸೋಮವಾರ ಹುಡುಗ ತಡವಾಗಿಯೇ ಬಂದ. ಬಾಗಿಲಲ್ಲಿ ನಿಂತ. ನಾನು ಅವನನ್ನು ಒಳಗೆ ಕರೆದು, ಎಲ್ಲರೆದುರು, “ಅಂದು ನಿನ್ನನ್ನು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು” ಎಂದೆ. ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರೇ ಒಪ್ಪಬೇಕಲ್ಲವೇ? ಅಂದಿನಿಂದ ಮಗ್ರಿಬ್ ಬಳಿಕ ಅವರ ಅಂಗಳದಲ್ಲೇ ಒಂದು ಗಂಟೆ ಪಾಠ ಶುರು ಮಾಡಿದೆವು. ಅಕ್ಕಪಕ್ಕದ ಇನ್ನೂ ನಾಲ್ಕು ಮಕ್ಕಳು ಸೇರಿಕೊಂಡರು. 2020ರಲ್ಲಿ ಕೊರೋನಾ ನಡುವೆ ಹತ್ತನೆಯ ಪರೀಕ್ಷೆ ಬರೆದ. ಗಣಿತದಲ್ಲಿ ಹೋಯಿತು, ಪೂರಕ ಪರೀಕ್ಷೆಯಲ್ಲಿ ಪಾಸಾದ. ಆಮೇಲೆ ಐಟಿಐ ಸೇರಿ ಡೀಸೆಲ್ ಮೆಕ್ಯಾನಿಕ್ ಕಲಿತ. ಈಗ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಾನೆ. ರಜೆಯ ದಿನ ಅಜ್ಜನ ಪಾತಿಯಲ್ಲಿ ಹುಟ್ಟು ಹಾಕುವುದನ್ನೂ ಬಿಟ್ಟಿಲ್ಲ.

ಓದುಗ ಸಹೋದರಿಯರೇ, ಮೀನಿಗೆ ಚೌಕಾಸಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮನೆ ನಡೆಸುವ ಕಷ್ಟ ನಿಮಗೆ ಗೊತ್ತು. ಆದರೆ ನಿಮ್ಮ ಮನೆಯ ಮಗುವೋ ನೆರೆಮನೆಯ ಮಗುವೋ ಪಾಠದ ನಡುವೆ ತೂಕಡಿಸಿದರೆ ಗದರಿಸುವ ಮೊದಲು ಒಮ್ಮೆ ಅದರ ಅಂಗೈ ಬಿಡಿಸಿ ನೋಡಿ. ಮತ್ತು ಮುಂದಿನ ಸಲ ಮೀನು ಕೊಳ್ಳುವಾಗ, “ಇವತ್ತು ಕಡಲು ಹೇಗಿತ್ತು?” ಎಂದು ಕೇಳಿ. ಭಟ್ಕಳದ ಆ ಮನೆಯಲ್ಲಿ ನಾನು ಈಗಲೂ ಮೊದಲು ಕೇಳುವುದು ಅದನ್ನೇ.